ಪೈಲಟ್ ಹೆಲ್ಮೆಟ್ಟಿನ ರಿಪೇರಿ: ಯಾವುದನ್ನು ಬದಲಿಸಬೇಕು, ಯಾವುದಕ್ಕೆ ಕೈ ಹಚ್ಚಬಾರದು

ಯಲಹಂಕದ ಏರೋ ಇಂಡಿಯಾದಲ್ಲಿ ವಿಮಾನದ ಕಡೆ ನಡೆದು ಹೋಗುವ ಪೈಲಟ್‌ಗಳ ಕೈಯಲ್ಲಿರುವ ಹೆಲ್ಮೆಟ್ ಗಮನಿಸಿದ್ದೀರಾ? ಎಷ್ಟೋ ಸಲ ಅದರ ಮುಂಭಾಗಕ್ಕೆ ಮೆತ್ತನೆಯ ಬಟ್ಟೆಯ ಗವಸು ಹಾಕಿರುತ್ತಾರೆ. ಸ್ಕ್ವಾಡ್ರನ್ನಿನ ಲಾಂಛನ ಹೊಲಿದಿದ್ದರೆ ಅಲಂಕಾರಕ್ಕಿರಬೇಕು ಅನಿಸುತ್ತದೆ. ಆದರೆ ಆ ಗವಸಿನ ಕೆಲಸ ವೈಸರ್ ಕಾಯುವುದು. ವೈಸರ್ ಅಂದರೆ ಕಣ್ಣಿನ ಮುಂದೆ ಇಳಿಯುವ ಪಾರದರ್ಶಕ ಪ್ಲಾಸ್ಟಿಕ್ ಕವಚ. ಹಕ್ಕಿ ಬಡಿದು ಕಾಕ್‌ಪಿಟ್‌ನ ಮುಚ್ಚಳ ಒಡೆದು ಸಿಡಿದರೆ ಆ ಚೂರುಗಳನ್ನು ತಡೆಯುವಷ್ಟು ಗಟ್ಟಿ ಅದು. ಅದೇ ಕವಚವನ್ನು ಮೇಜಿನ ಮೇಲಿನ ಧೂಳು, ಒಣಬಟ್ಟೆಯ ಒಂದು ಒರಸು ಹಾಳು ಮಾಡಿಬಿಡುತ್ತದೆ. ಹೀಗೇಕೆ ಎಂದು ತಿಳಿದರೆ ಹೆಲ್ಮೆಟ್ ನಿರ್ವಹಣೆಯ ದೊಡ್ಡ ಪಾಲು ತಿಳಿದಂತೆ.

ಹೆಲ್ಮೆಟ್ಟಿನಲ್ಲಿ ಐದಾರು ಬೇರೆ ಬೇರೆ ವಸ್ತುಗಳಿವೆ. ಹೊರಗಿನ ಚಿಪ್ಪು, ಅದರೊಳಗಿನ ಪೆಟ್ಟು ನುಂಗುವ ಪದರ, ತಲೆಗೆ ತಾಗುವ ಲೈನರ್, ವೈಸರ್, ಕಿವಿಯ ಬಟ್ಟಲುಗಳು ಮತ್ತು ಮೈಕ್, ಗಲ್ಲದ ಪಟ್ಟಿ. ಒಂದೊಂದಕ್ಕೂ ವಯಸ್ಸಾಗುವ ರೀತಿ ಬೇರೆ, ರಿಪೇರಿಯ ನಿಯಮವೂ ಬೇರೆ. ಕೆಲವನ್ನು ಧಾರಾಳವಾಗಿ ಬಿಚ್ಚಿ ಬದಲಿಸಬಹುದು. ಕೆಲವನ್ನು ಯಾವ ಕಾರಣಕ್ಕೂ ಸರಿಪಡಿಸಲು ಹೋಗಬಾರದು. ಈ ಗೆರೆ ಎಲ್ಲಿದೆ ಎಂದು ತಿಳಿದಿರುವುದೇ ಇಲ್ಲಿ ನಿಜವಾದ ಕುಶಲತೆ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಅದಕ್ಕೇ ಅಮೆರಿಕದ ವಾಯುಪಡೆಯಲ್ಲಿ ಈ ಕೆಲಸ ಪೈಲಟ್‌ಗಳದ್ದಲ್ಲ. ಏರ್‌ಕ್ರೂ ಫ್ಲೈಟ್ ಇಕ್ವಿಪ್‌ಮೆಂಟ್ ಎಂಬ ಪ್ರತ್ಯೇಕ ವಿಭಾಗದ ತರಬೇತಾದ ಕೈಗಳು ನಿಗದಿತ ಅವಧಿಗೊಮ್ಮೆ ಹೆಲ್ಮೆಟ್ ತಪಾಸಿಸಿ ದಾಖಲೆ ಬರೆದಿಡುತ್ತವೆ.

ಅಮೆರಿಕದ ಜೆಂಟೆಕ್ಸ್ ಕಂಪನಿಯ ಎರಡು ಹೆಲ್ಮೆಟ್‌ಗಳನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಒಂದು ಹೆಲಿಕಾಪ್ಟರ್ ಸಿಬ್ಬಂದಿಯ ಎಸ್‌ಪಿಎಚ್-4, ಇನ್ನೊಂದು ಯುದ್ಧವಿಮಾನದ ಎಚ್‌ಜಿಯು-55/ಪಿ. ಹಲವು ದೇಶಗಳಲ್ಲಿ ಬಳಕೆಯಾದವು. ಹಳೆಯದಾದ ಮೇಲೆ ಖಾಸಗಿ ಪೈಲಟ್‌ಗಳ, ಸಂಗ್ರಾಹಕರ ಕೈಗೂ ಬರುತ್ತವೆ.

ಮೊದಲು ವೈಸರ್. ಎರಡನೇ ಮಹಾಯುದ್ಧದ ವಿಮಾನಗಳ ಮುಚ್ಚಳ ಅಕ್ರಿಲಿಕ್ ಎಂಬ ಪ್ಲಾಸ್ಟಿಕ್‌ನದು. 1940ರ ಆಗಸ್ಟ್ 15ರಂದು ಬ್ರಿಟನ್ನಿನ ಹರಿಕೇನ್ ಪೈಲಟ್ ಗಾರ್ಡನ್ ಕ್ಲೀವರ್ ಗಾಗಲ್ಸ್ ಇಲ್ಲದೆ ಹಾರಿದ್ದರು. ಶತ್ರುವಿನ ಗುಂಡಿಗೆ ಮುಚ್ಚಳ ಸಿಡಿದು ಅಕ್ರಿಲಿಕ್ ಚೂರುಗಳು ಎರಡೂ ಕಣ್ಣಿಗೆ ಹೊಕ್ಕವು. ಆ ಚೂರುಗಳು ಕಣ್ಣಿನೊಳಗೆ ಉಳಿದರೂ ಕಣ್ಣು ಕೆರಳದೆ ಸುಮ್ಮನಿರುವುದನ್ನು ಗಮನಿಸಿದ ವೈದ್ಯ ಹ್ಯಾರೊಲ್ಡ್ ರಿಡ್ಲಿ 1949ರಲ್ಲಿ ಲಂಡನ್ನಿನಲ್ಲಿ ಅದೇ ಬಗೆಯ ಪ್ಲಾಸ್ಟಿಕ್‌ನಿಂದ ಮೊದಲ ಕೃತಕ ಮಸೂರ ಕೂರಿಸಿದರು. ಇಂದು ನಮ್ಮ ಮನೆಯ ಹಿರಿಯರಿಗೆ ಪೊರೆ ತೆಗೆದು ಲೆನ್ಸ್ ಹಾಕುವ ಶಸ್ತ್ರಚಿಕಿತ್ಸೆಯ ಮೂಲ ಅಲ್ಲಿದೆ. ನಮ್ಮ ವಿಷಯಕ್ಕೆ ಇದರಿಂದ ಬೇಕಾದ ಸಂಗತಿ ಬೇರೆ: ಅಕ್ರಿಲಿಕ್ ಒಡೆದರೆ ಚೂಪಾದ ಚೂರಾಗುತ್ತದೆ. 1953ರಲ್ಲಿ ಜರ್ಮನಿಯ ಬೇಯರ್ ಕಂಪನಿಯ ಹರ್ಮನ್ ಷ್ನೆಲ್, ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನ ಡೇನಿಯಲ್ ಫಾಕ್ಸ್ ಒಬ್ಬರಿಗೊಬ್ಬರು ತಿಳಿಯದಂತೆ ಪಾಲಿಕಾರ್ಬೊನೇಟ್ ಎಂಬ ಇನ್ನೊಂದು ಪ್ಲಾಸ್ಟಿಕ್ ಕಂಡುಹಿಡಿದರು. ಇದು ಪೆಟ್ಟು ಬಿದ್ದರೆ ಚೂರಾಗುವ ಬದಲು ಬಾಗುತ್ತದೆ, ತಗ್ಗಾಗುತ್ತದೆ. ಇಂದಿನ ವೈಸರ್‌ಗಳು ಇದರಿಂದಲೇ ಆದವು.

ಬಾಗುವ ಗುಣ ಬಂದದ್ದು ಮೃದುತ್ವದಿಂದ. ಮೃದುವಾದದ್ದಕ್ಕೆ ಗೀರು ಬೇಗ ಬೀಳುತ್ತದೆ. ನಮ್ಮ ಧೂಳಿನಲ್ಲಿ ಮರಳಿನ ಸಣ್ಣ ಕಣಗಳು ಇದ್ದೇ ಇರುತ್ತವೆ, ಅವು ಗಾಜಿಗಿಂತಲೂ ಗಡುಸು. ಹಾಗಾಗಿ ಪಾಲಿಕಾರ್ಬೊನೇಟ್ ಮೇಲೆ ತೆಳ್ಳನೆಯ ಗಡುಸು ಲೇಪನ ಕೊಟ್ಟಿರುತ್ತಾರೆ. ಬರಿಗಣ್ಣಿಗೆ ಕಾಣದಷ್ಟು ತೆಳು. ವೈಸರಿನ ಆಯುಷ್ಯವೆಲ್ಲ ಈ ಲೇಪನದ ಆಯುಷ್ಯ. ನೆರಳಿನಲ್ಲಿ ಹಿಡಿದು ನೋಡಿದರೆ ಸಣ್ಣ ಗೀರುಗಳು ಕಾಣುವುದೇ ಇಲ್ಲ. ಸಂಜೆ ಸೂರ್ಯನಿಗೆ ಎದುರಾಗಿ ಇಳಿಯುವಾಗ ಒಂದೊಂದು ಗೀರೂ ಬೆಳಕನ್ನು ಚೆದರಿಸಿ ಇಡೀ ವೈಸರ್ ಬೆಳ್ಳಗಾಗುತ್ತದೆ. ರನ್‌ವೇ ಕಾಣಬೇಕಾದ ಹೊತ್ತಿನಲ್ಲಿ ಹೀಗಾಗುತ್ತದೆ ಎನ್ನುವುದೇ ಅಪಾಯ.

ತೊಳೆಯುವ ಕ್ರಮ ಸರಳ, ಆದರೆ ಅನುಕ್ರಮ ತಪ್ಪಬಾರದು. ಮೊದಲು ನಲ್ಲಿಯ ತೆಳುಧಾರೆಯಲ್ಲಿ ಹಿಡಿದು ಧೂಳನ್ನು ನೀರೇ ಕೊಚ್ಚಿಕೊಂಡು ಹೋಗಲು ಬಿಡಬೇಕು. ಆ ಹೊತ್ತಿನಲ್ಲಿ ಮುಟ್ಟಬಾರದು. ಆಮೇಲೆ ಪಾತ್ರೆ ತೊಳೆಯುವ ಸೌಮ್ಯವಾದ ದ್ರವಸೋಪಿನ ಒಂದೆರಡು ಹನಿಯನ್ನು ಉಗುರುಬೆಚ್ಚಗಿನ ನೀರಿಗೆ ಹಾಕಿ, ಬೆರಳಿನ ತುದಿಯಿಂದ ಸವರಬೇಕು. ಬೆರಳು ಯಾಕೆಂದರೆ ಒಂದು ಕಣ ಉಳಿದಿದ್ದರೂ ಚರ್ಮಕ್ಕೆ ತಿಳಿಯುತ್ತದೆ, ಬಟ್ಟೆಗೆ ತಿಳಿಯುವುದಿಲ್ಲ. ಮತ್ತೆ ನೀರು. ಕೊನೆಗೆ ಒಗೆದು ಒಣಗಿಸಿದ ಮೈಕ್ರೋಫೈಬರ್ ಬಟ್ಟೆಯನ್ನು ಒತ್ತಿ ನೀರು ಹೀರಿಸಬೇಕು, ಉಜ್ಜಬಾರದು. ಟಿಶ್ಯೂ ಪೇಪರ್ ಬೇಡ, ಅಂಗಿಯ ಅಂಚು ಬೇಡ. ಒಣ ವೈಸರನ್ನು ಒಣಬಟ್ಟೆಯಿಂದ ಉಜ್ಜಿದರೆ ಗೀರಿನ ಜೊತೆಗೆ ಸ್ಥಾಯೀ ವಿದ್ಯುತ್ ಹುಟ್ಟಿ, ಇನ್ನಷ್ಟು ಧೂಳು ಬಂದು ಅಂಟಿಕೊಳ್ಳುತ್ತದೆ.

ಗೀರು ಬಿದ್ದಾಗಿದೆ, ಈಗೇನು? ಟೂತ್‌ಪೇಸ್ಟ್ ಹಚ್ಚಿ, ಕಾರಿನ ಹೆಡ್‌ಲೈಟ್ ಪಾಲಿಶ್ ಹಾಕಿ ಎನ್ನುವ ಸಲಹೆ ಎಲ್ಲೆಡೆ ಸಿಗುತ್ತದೆ. ಪಾಲಿಶ್ ಅಂದರೆ ಗೀರಿನ ತಳ ಮುಟ್ಟುವ ತನಕ ಸುತ್ತಲಿನ ವಸ್ತುವನ್ನು ಸವೆಸುವುದು. ಇಲ್ಲಿ ಮೊದಲು ಸವೆಯುವುದೇ ಆ ಗಡುಸು ಲೇಪನ. ಅದು ಹೋದ ಜಾಗದಲ್ಲಿ ಬರಿಯ ಮೃದು ಪ್ಲಾಸ್ಟಿಕ್ ಉಳಿಯುತ್ತದೆ, ಮುಂದಿನ ವಾರ ಅಲ್ಲಿ ಹತ್ತು ಗೀರು. ಜೊತೆಗೆ ಒಂದೇ ಕಡೆ ಸವೆಸಿದಾಗ ಅಲ್ಲಿ ದಪ್ಪ ಬದಲಾಗಿ ವೈಸರ್ ಒಂದು ದುರ್ಬಲ ಮಸೂರದಂತೆ ವರ್ತಿಸುತ್ತದೆ. ಅದರ ಮೂಲಕ ಕಾಣುವ ದೂರದ ವಿಮಾನ ಇರುವ ಜಾಗಕ್ಕಿಂತ ಕೊಂಚ ಪಕ್ಕದಲ್ಲಿ ಕಾಣಬಹುದು, ತಲೆ ತಿರುಗಿಸಿದಾಗ ದೃಶ್ಯ ಈಜಿದಂತೆ ಅನಿಸಬಹುದು. ಕಣ್ಣು ಅದನ್ನು ಸರಿಪಡಿಸಿಕೊಳ್ಳಲು ಹೆಣಗಿ ತಲೆನೋವು ಬರುತ್ತದೆ. ಅಂಚಿನಲ್ಲಿರುವ ಗೀರನ್ನು ಹಾಗೇ ಬಿಡಿ. ನೋಟದ ನಡುವೆ ಬಂದಿದ್ದರೆ ವೈಸರ್ ಬದಲಿಸಿ. ಅದು ತೀರಿದರೆ ತೆಗೆದು ಹೊಸದು ಹಾಕಲೆಂದೇ ಮಾಡಿರುವ ಭಾಗ.

ಗೀರಿಗಿಂತ ಮೋಸದ ಶತ್ರು ರಾಸಾಯನಿಕ. ಉಗುರುಬಣ್ಣ ತೆಗೆಯುವ ಅಸಿಟೋನ್, ಪೇಂಟ್ ತಿನ್ನರ್, ಅಮೋನಿಯಾ ಇರುವ ಗಾಜಿನ ಕ್ಲೀನರ್ ಇವೆಲ್ಲ ಪಾಲಿಕಾರ್ಬೊನೇಟ್‌ಗೆ ವಿಷ. ಪಾಲಿಕಾರ್ಬೊನೇಟ್ ಬಾಗಿದ ಸ್ಥಿತಿಯಲ್ಲಿ, ಸ್ಕ್ರೂ ಬಿಗಿತದ ಕೆಳಗೆ ಯಾವಾಗಲೂ ಒಳ ಒತ್ತಡ ಹೊತ್ತಿರುತ್ತದೆ. ದ್ರಾವಕ ಮೇಲ್ಮೈಯ ಅಣುಸರಪಳಿಗಳ ಹಿಡಿತ ಸಡಿಲಿಸಿದ ಕೂಡಲೇ ಆ ಒತ್ತಡಕ್ಕೆ ದಾರಿ ಸಿಕ್ಕಿ ಕೂದಲೆಳೆಯಂಥ ಬಿರುಕುಗಳು ಹುಟ್ಟುತ್ತವೆ. ಒರೆಸಿದ ದಿನ ಏನೂ ಕಾಣದೆ ನಂತರ ಬಿರುಕು ಬಿಡುವುದೂ ಉಂಟು. ಹೀಗೆ ಬಿರುಕಿದ ವೈಸರ್ ನೋಡಲು ಪಾರದರ್ಶಕವಾಗಿದ್ದರೂ ಪೆಟ್ಟು ತಾಳುವ ಗುಣವನ್ನು ಕಳೆದುಕೊಂಡಿರುತ್ತದೆ.

ಅನುಭವಿ ಮೆಕ್ಯಾನಿಕ್‌ಗಳೂ ಬೀಳುವ ಒಂದು ಬಲೆ ಇದೆ. ವೈಸರಿನ ಸ್ಕ್ರೂ ಕಂಪನಕ್ಕೆ ಸಡಿಲಾಗುತ್ತದೆ ಎಂದು ಎಂಜಿನ್ ಕೆಲಸದ ಅಭ್ಯಾಸದಂತೆ ಎಳೆಗೆ ಥ್ರೆಡ್‌ಲಾಕರ್ ಹನಿ, ಅಂದರೆ ಸ್ಕ್ರೂ ಸಡಿಲಾಗದಂತೆ ಹಿಡಿಯುವ ಅಂಟು ದ್ರವ, ಹಾಕುತ್ತಾರೆ. ಲೋಹಕ್ಕೆ ಒಳ್ಳೆಯದಾದ ಆ ದ್ರವ ಪಾಲಿಕಾರ್ಬೊನೇಟ್‌ಗೆ ತಾಗಿದರೆ ತೂತಿನ ಸುತ್ತ ಬಿರುಕು ಖಚಿತ ಎನ್ನುವಷ್ಟು ಸಾಮಾನ್ಯ. ಅಲ್ಲಿ ನೈಲಾನ್ ಹಿಡಿತವಿರುವ ನಟ್ ಬಳಸಬೇಕು, ಇಲ್ಲವೇ ತಯಾರಕರು ಕೊಟ್ಟ ಸ್ಕ್ರೂವನ್ನೇ ಹಾಕಬೇಕು. ಸೂಪರ್‌ಗ್ಲೂ ಕೂಡ ಹತ್ತಿರ ಸುಳಿಯಬಾರದು. ಅದರ ಆವಿ ಸುತ್ತ ಹರಡಿ ವೈಸರ್ ಮೇಲೆ ಬಿಳಿ ಮಂಜಿನಂತೆ ಕೂರುತ್ತದೆ.

ಈ ಒಳ ಒತ್ತಡವನ್ನು ಮನೆಯಲ್ಲೇ ಕಣ್ಣಾರೆ ನೋಡಬಹುದು. ಲ್ಯಾಪ್‌ಟಾಪ್‌ನ ಎಲ್‌ಸಿಡಿ ಪರದೆಯಲ್ಲಿ ಖಾಲಿ ಬಿಳಿ ಪುಟ ತೆರೆಯಿರಿ. ಅದರಿಂದ ಬರುವುದು ಧ್ರುವೀಕೃತ (ಪೋಲರೈಸ್ಡ್) ಬೆಳಕು, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕು. ಪೋಲರೈಸ್ಡ್ ತಂಪು ಕನ್ನಡಕವನ್ನು ಕಣ್ಣಿನ ಮುಂದೆ ಹಿಡಿದು, ಪರದೆ ಕಪ್ಪಾಗುವ ತನಕ ತಿರುಗಿಸಿ. ಈಗ ಪರದೆಗೂ ಕನ್ನಡಕಕ್ಕೂ ನಡುವೆ ಬಣ್ಣವಿಲ್ಲದ ವೈಸರ್ ಹಿಡಿಯಿರಿ. ಕಪ್ಪಿನ ಮೇಲೆ ಕಾಮನಬಿಲ್ಲಿನ ಪಟ್ಟಿಗಳು ಮೂಡುತ್ತವೆ. ಇಡೀ ವೈಸರಿನಲ್ಲಿ ಹರಡಿದ ಅಗಲವಾದ, ನಿಧಾನವಾಗಿ ಬಣ್ಣ ಬದಲಿಸುವ ಪಟ್ಟಿಗಳು ಅಚ್ಚಿನಲ್ಲಿ ಎರಕವಾದಾಗ ಉಳಿದದ್ದು, ಅದಕ್ಕೆ ಹೆದರಬೇಕಿಲ್ಲ. ಸ್ಕ್ರೂ ತೂತಿನ ಸುತ್ತ ಉಂಗುರ ಉಂಗುರವಾಗಿ ಒತ್ತೊತ್ತಾಗಿ ಬಣ್ಣ ಕಂಡರೆ ಆ ಸ್ಕ್ರೂ ಅತಿಯಾಗಿ ಬಿಗಿದಿದೆ ಎಂದರ್ಥ. ಕಾಲು ಸುತ್ತು ಸಡಿಲಿಸಿ ನೋಡಿ, ಉಂಗುರಗಳು ಕರಗುವುದು ಕಾಣುತ್ತದೆ. ಹೊಸ ವೈಸರ್ ತಂದ ದಿನವೇ ಹೀಗೊಂದು ಫೋಟೊ ತೆಗೆದಿಟ್ಟುಕೊಂಡರೆ ಮುಂದೆ ಹೋಲಿಸಿ ನೋಡಲು ಬರುತ್ತದೆ.

ಹೊಸ ವೈಸರ್ ಕೂರಿಸುವಾಗ ತೂತು ಸ್ಕ್ರೂಗಿಂತ ಸ್ವಲ್ಪ ದೊಡ್ಡದಿರಬೇಕು. ಪಾಲಿಕಾರ್ಬೊನೇಟ್ ಶಾಖಕ್ಕೆ ಲೋಹಗಳಿಗಿಂತ ಹೆಚ್ಚು ಹಿಗ್ಗುತ್ತದೆ. ಮೂವತ್ತು ಸೆಂಟಿಮೀಟರ್ ಅಗಲದ ವೈಸರ್ 40 ಡಿಗ್ರಿ ಸೆಲ್ಸಿಯಸ್ ಏರಿಳಿತದಲ್ಲಿ ಸುಮಾರು 0.8 ಮಿಲಿಮೀಟರ್ ಉದ್ದಗಿಡ್ಡ ಆಗುತ್ತದೆ. ಬೇಸಿಗೆಯ ಮಧ್ಯಾಹ್ನ ಟಾರ್ಮ್ಯಾಕ್ ಮೇಲೆ ನಿಂತ ವಿಮಾನದ ಕಾಕ್‌ಪಿಟ್‌ಗೂ ಎತ್ತರದ ಚಳಿಗೂ ನಡುವೆ ಅಷ್ಟು ವ್ಯತ್ಯಾಸ ದೊಡ್ಡದೇನಲ್ಲ. ಚಿಪ್ಪು ಅಷ್ಟು ಹಿಗ್ಗುವುದಿಲ್ಲ. ಸ್ಕ್ರೂ ಬಿಗಿಯಾಗಿ ಕಚ್ಚಿದ್ದರೆ ಆ ಎಳೆದಾಟವೆಲ್ಲ ತೂತಿನ ಅಂಚಿಗೆ ಬೀಳುತ್ತದೆ. ಆಮ್ಲಜನಕದ ಮಾಸ್ಕ್ ಹಾಕುವವರಿಗೆ ವೈಸರಿನ ಕೆಳಅಂಚನ್ನು ಮಾಸ್ಕಿನ ಆಕಾರಕ್ಕೆ ಕತ್ತರಿಸಿ ಹೊಂದಿಸಬೇಕಾಗುತ್ತದೆ. ಆ ಅಂಚನ್ನು ಸಣ್ಣ ಮರಳುಕಾಗದದಿಂದ ನುಣುಪಾಗಿಸಲೇಬೇಕು, ಬಿರುಕು ಶುರುವಾಗುವುದು ಅಂಚಿನ ಕಚ್ಚಿನಿಂದ. ಮಾಸ್ಕ್ ಮೂಗಿನ ಮೇಲೆ ಸರಿಯಾಗಿ ಕೂರದೆ ಉಸಿರು ಮೇಲಕ್ಕೆ ಸೋರಿದರೆ ವೈಸರ್ ಮಂಜಾಗುತ್ತದೆ. ಮಂಜು ಕಂಡ ಕೂಡಲೇ ವೈಸರಿಗೆ ದ್ರವ ಹಚ್ಚುವ ಮೊದಲು ಮಾಸ್ಕ್ ನೋಡಿ.

ಬಣ್ಣದ ಬಗ್ಗೆ ಒಂದು ಮಾತು. ಹಗಲಿನ ಕಪ್ಪು ವೈಸರ್ ಬೆಳಕಿನ ಶೇ. 15ರ ಆಸುಪಾಸು ಮಾತ್ರ ಒಳಗೆ ಬಿಡುತ್ತದೆ. ಅದರೊಳಗೆ ಅಷ್ಟೇ ಗಾಢವಾದ ತಂಪು ಕನ್ನಡಕ ಹಾಕಿಕೊಂಡರೆ ಕಣ್ಣಿಗೆ ಉಳಿಯುವುದು ಶೇ. 2ರಷ್ಟು. ಕನ್ನಡಕ ಪೋಲರೈಸ್ಡ್ ಆಗಿದ್ದರೆ ಮೇಲೆ ಹೇಳಿದ ಕಾಮನಬಿಲ್ಲು ಆಕಾಶದಲ್ಲೇ ಕಾಣಿಸಿಕೊಳ್ಳುತ್ತದೆ, ಕಾಕ್‌ಪಿಟ್‌ನ ಪರದೆಗಳು ಕಪ್ಪಾಗಿಬಿಡಬಹುದು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ.

ಇನ್ನು ಚಿಪ್ಪು. ಗಾಜಿನ ನಾರು, ಕೆವ್ಲಾರ್ ಎಂಬ ಗಟ್ಟಿ ಕೃತಕ ನಾರು ಇವುಗಳ ಬಟ್ಟೆಯನ್ನು ಪದರ ಪದರವಾಗಿ ಇಟ್ಟು ರಾಳದಲ್ಲಿ ಗಟ್ಟಿಯಾಗಿಸಿದ್ದು. ಬಿದ್ದಾಗ ಹೊರಗೆ ಬಣ್ಣದ ಸಿಪ್ಪೆ ಎದ್ದಿರುವುದಷ್ಟೇ ಕಾಣಬಹುದು, ಒಳಗೆ ಪದರ ಪದರದಿಂದ ಬಿಟ್ಟುಕೊಂಡಿರಬಹುದು. ಇದನ್ನು ಪತ್ತೆ ಮಾಡಲು ವಿಮಾನದ ರೆಕ್ಕೆ ತಪಾಸಿಸುವವರು ಬಳಸುವ ಹಳೆಯ ಉಪಾಯವೇ ಸಾಕು: ನಾಣ್ಯದಿಂದ ಮೆಲ್ಲಗೆ ಬಡಿಯುತ್ತ ಹೋಗುವುದು. ಗಟ್ಟಿಯಿರುವ ಕಡೆ ‘ಟಣ್’ ಎಂದು ಚುರುಕು ಸದ್ದು, ಪದರ ಬಿಟ್ಟ ಕಡೆ ‘ಡಬ್’ ಎಂದು ಸತ್ತ ಸದ್ದು. ಒಳಗಿನ ಜೋಡಣೆಗಳಿಂದಲೂ ಸದ್ದು ಬದಲಾಗುವುದರಿಂದ ಎಡಗಡೆಯ ಜಾಗವನ್ನು ಬಲಗಡೆಯ ಅದೇ ಜಾಗದೊಂದಿಗೆ ಹೋಲಿಸಬೇಕು. ಸದ್ದು ಸತ್ತಿದ್ದರೆ ಚಿಪ್ಪಿನ ಕಥೆ ಮುಗಿಯಿತು. ಎಪಾಕ್ಸಿ ಪುಟ್ಟಿ ತುಂಬಿ, ಉಜ್ಜಿ, ಬಣ್ಣ ಬಳಿದರೆ ಚಂದ ಕಾಣುತ್ತದೆ. ಕಡಿದ ನಾರುಗಳು ಮತ್ತೆ ಕೂಡುವುದಿಲ್ಲ. ಅಂಚಿನ ರಬ್ಬರ್ ಪಟ್ಟಿ ಕಿತ್ತುಹೋಗಿದ್ದರೆ ಅದನ್ನು ಧೈರ್ಯವಾಗಿ ಬದಲಿಸಬಹುದು, ಬದಲಿಸಲೂಬೇಕು, ಏಕೆಂದರೆ ಪದರ ಬಿಚ್ಚಿಕೊಳ್ಳುವುದು ಅಂಚಿನಿಂದ.

ಬಣ್ಣ ಬಳಿಯುವ ಆಸೆ ಎಲ್ಲರಿಗೂ ಇರುತ್ತದೆ. ಆದರೆ ಬೇಡ, ಇಲ್ಲಿ ಪ್ರತಿ ಗ್ರಾಂ ತೂಕವೂ ಲೆಕ್ಕಕ್ಕೆ ಬರುತ್ತದೆ. ಒಂದೂವರೆ ಕಿಲೋ ಹೆಲ್ಮೆಟ್ 9 ಜಿ ತಿರುವಿನಲ್ಲಿ, ಅಂದರೆ ತೂಕ ಒಂಬತ್ತು ಪಟ್ಟು ಅನಿಸುವ ಬಿರುಸಾದ ತಿರುವಿನಲ್ಲಿ, ಕುತ್ತಿಗೆಗೆ ಹದಿಮೂರೂವರೆ ಕಿಲೋ ಆಗುತ್ತದೆ. ನೂರು ಗ್ರಾಂ ಪುಟ್ಟಿ, ಬಣ್ಣ, ಸ್ಟಿಕ್ಕರ್ ಸೇರಿದರೆ ಇನ್ನೂ 900 ಗ್ರಾಂ. ಜಿ ಬಲ ಪೈಲಟ್‌ಗಳ ದೇಹಕ್ಕೆ ಏನು ಮಾಡುತ್ತದೆ ಎಂಬ ಅಧ್ಯಯನಕ್ಕೆ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್‌ನಲ್ಲಿ ಮನುಷ್ಯರನ್ನು ಕೂರಿಸಿ ತಿರುಗಿಸುವ ಸೆಂಟ್ರಿಫ್ಯೂಜ್ ಯಂತ್ರವೇ ಇದೆ. ಬಣ್ಣ ಬೇಡ ಎನ್ನಲು ಇನ್ನೊಂದು ಕಾರಣ ಚಿಪ್ಪಿನ ಒಳಗಿದೆ.

ಎಸ್‌ಪಿಎಚ್-4ನಂಥ ಹೆಲ್ಮೆಟ್‌ನಲ್ಲಿ ಚಿಪ್ಪಿನ ಕೆಳಗಿರುವುದು ನಾವು ಥರ್ಮಾಕೋಲ್ ಎಂದು ಕರೆಯುವ ಪಾಲಿಸ್ಟೈರೀನ್‌ನ ಸಾಂದ್ರವಾದ ರೂಪ. ಶಾಲೆಯಲ್ಲಿ ಥರ್ಮಾಕೋಲ್ ಮಾಡೆಲ್‌ಗೆ ಸ್ಪ್ರೇ ಪೇಂಟ್ ಹೊಡೆದವರಿಗೆ ಮುಂದಿನದು ಗೊತ್ತು: ಅದು ಕರಗಿ ಗುಂಡಿ ಬೀಳುತ್ತದೆ. ಬಣ್ಣದ ತಿನ್ನರ್, ಪೆಟ್ರೋಲ್ ಆವಿ ತಾಗಿದರೆ ಹೆಲ್ಮೆಟ್ಟಿನ ಒಳಗೂ ಅದೇ ಆಗುತ್ತದೆ, ಹೊರಗಿನಿಂದ ಕಾಣದಂತೆ. ಈ ಪದರ ಪೆಟ್ಟು ನುಂಗುವುದು ತಾನು ನುಚ್ಚಾಗಿ. ಅದರೊಳಗಿನ ಗಾಳಿಗುಳ್ಳೆಗಳು ಕುಸಿಯುವಾಗ ತಲೆ ನಿಲ್ಲಲು ಕೆಲವು ಮಿಲಿಸೆಕೆಂಡು ಹೆಚ್ಚು ಸಮಯ ಸಿಗುತ್ತದೆ. ಒಮ್ಮೆ ಕುಸಿದದ್ದು ಮತ್ತೆ ಏಳುವುದಿಲ್ಲ. ಅಪಘಾತ ಕಂಡ ಹೆಲ್ಮೆಟ್ ಎಷ್ಟು ಚೆನ್ನಾಗಿ ಕಂಡರೂ ಮತ್ತೆ ಹಾರಬಾರದು ಎನ್ನುವುದು ಇದಕ್ಕಾಗಿ.

ಅಪಘಾತದ ಹೆಲ್ಮೆಟ್‌ಗಳನ್ನು ಎಸೆಯದೆ ತಂದು ಬಿಚ್ಚಿ ನೋಡಿದವರು ಅಲಬಾಮಾದ ಫೋರ್ಟ್ ರಕರ್‌ನಲ್ಲಿರುವ ಅಮೆರಿಕದ ಸೇನೆಯ ಏರೋಮೆಡಿಕಲ್ ಸಂಶೋಧನಾಲಯದವರು. ಎಸ್‌ಪಿಎಚ್-4ರ ಗಡುಸಾದ ಕಿವಿಬಟ್ಟಲು ಪಕ್ಕದಿಂದ ಬಂದ ಪೆಟ್ಟನ್ನು ನೇರ ತಲೆಬುರುಡೆಗೆ ದಾಟಿಸುತ್ತಿತ್ತು ಎಂದು ಅವರಿಗೆ ಗೊತ್ತಾಯಿತು. ಮುಂದಿನ ಮಾದರಿಗಳಿಗೆ ಪೆಟ್ಟು ಬಿದ್ದಾಗ ತಾನೇ ಕುಸಿಯುವ ಬಟ್ಟಲು ಬಂತು. ಹಾಗಾಗಿ ‘ಇದು ಮೆತ್ತಗಿದೆ, ಗಟ್ಟಿಯಾದದ್ದು ಹಾಕೋಣ’ ಎಂದು ಬೇರೆ ಹೆಡ್‌ಸೆಟ್ಟಿನ ಬಟ್ಟಲು ತಂದು ಕೂರಿಸುವುದು ಸುಧಾರಣೆಯಲ್ಲ.

ತಲೆಗೆ ತಾಗುವ ಲೈನರ್ ಮಾತ್ರ ಮತ್ತೆ ಮತ್ತೆ ಸರಿಪಡಿಸಲು ಬರುವ ಭಾಗ. ಎಚ್‌ಜಿಯು-55/ಪಿಯಲ್ಲಿ ಉಬ್ಬುತಗ್ಗಿನ ಪ್ಲಾಸ್ಟಿಕ್ ಹಾಳೆಗಳ ಲೈನರ್ ಇರುತ್ತದೆ. ಅದನ್ನು ಓವನ್‌ನಲ್ಲಿ ಸುಮಾರು 93 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಿ, ಮೆತ್ತಗಾದಾಗ ಹೆಲ್ಮೆಟ್ಟಿಗಿಟ್ಟು ತಲೆಗೆ ಒತ್ತಿ ತಣಿಯಲು ಬಿಟ್ಟರೆ ಆ ತಲೆಯ ಅಚ್ಚು ಮೂಡುತ್ತದೆ. ನೆತ್ತಿಯಲ್ಲಿ ಒಂದೇ ಕಡೆ ಒತ್ತಿ ನೋಯುತ್ತಿದ್ದರೆ ಮತ್ತೆ ಬಿಸಿ ಮಾಡಿ ಸರಿಪಡಿಸಬಹುದು. ಹೀಗೆ ಅಚ್ಚಾದ ಹೆಲ್ಮೆಟ್ಟನ್ನು ಇನ್ನೊಬ್ಬರಿಗೆ ಎರವಲು ಕೊಡಬಾರದು. ಪೈಲಟ್ ಆಸನ ಸಮೇತ ವಿಮಾನದಿಂದ ಹೊರಚಿಮ್ಮುವಾಗ (ಇಜೆಕ್ಷನ್) ಸಡಿಲವಾದ ಹೆಲ್ಮೆಟ್ ಗಾಳಿಗೆ ಕಿತ್ತು ಹೋಗುತ್ತದೆ.

ಉಳಿದವೆಲ್ಲ ಬೆವರಿನ ಕೆಲಸ. ಕಿವಿಬಟ್ಟಲಿನ ಸುತ್ತಲಿನ ಮೆತ್ತೆ ಬೆವರು, ಎಣ್ಣೆಯಿಂದ ಮೃದುತ್ವ ಕಳೆದುಕೊಂಡು ಗಡುಸಾಗುತ್ತದೆ, ಆಗ ಎಂಜಿನ್ ಸದ್ದು ಒಳಗೆ ನುಗ್ಗುತ್ತದೆ. ರೇಡಿಯೊ ವಾಲ್ಯೂಮ್ ಮೊದಲಿಗಿಂತ ಹೆಚ್ಚು ಇಡಬೇಕಾಗಿದೆ ಅನಿಸಿದರೆ ರೇಡಿಯೊ ಬಿಚ್ಚುವ ಮುಂಚೆ ಆ ಮೆತ್ತೆ ಬದಲಿಸಿ. ಗಲ್ಲಪಟ್ಟಿಯ ಹೊಲಿಗೆ, ಒತ್ತುಗುಂಡಿಯ ತುಕ್ಕು ನೋಡಬೇಕು. ಕರಾವಳಿಯ ಮಳೆಗಾಲದಲ್ಲಿ ಒದ್ದೆ ಹೆಲ್ಮೆಟ್ಟನ್ನು ಚೀಲದಲ್ಲಿಟ್ಟರೆ ಬೂಷ್ಟು ಹಿಡಿಯದೆ ಇರದು. ಫ್ಯಾನಿನ ಗಾಳಿಯಲ್ಲಿ ಆರಿಸಿ, ಬಿಸಿಲಿಗಾಗಲಿ ಹೇರ್‌ಡ್ರೈಯರ್‌ಗಾಗಲಿ ಒಡ್ಡಬೇಡಿ.

ವೈಸರ್ ಮೇಲೆಯೇ ಚಿಹ್ನೆಗಳು ಮೂಡುವ ಹೆಲ್ಮೆಟ್‌ಗಳ ಲೋಕ ಬೇರೆ. ನಮ್ಮ ತೇಜಸ್ ಪೈಲಟ್‌ಗಳು ಬಳಸುವ ಇಸ್ರೇಲಿನ ಎಲ್ಬಿಟ್ ಕಂಪನಿಯ ಡ್ಯಾಶ್ ಈ ಜಾತಿಯದು. ಅಲ್ಲಿ ವೈಸರ್ ಕಣ್ಣಿನ ಕವಚವೂ ಹೌದು, ದೃಕ್ಸಾಧನದ ಭಾಗವೂ ಹೌದು. ಒಂದು ಗೀರು ಗುರಿಯ ಚಿಹ್ನೆಯ ಮೇಲೆಯೇ ಬೀಳುತ್ತದೆ. ಪೈಲಟ್ ನೋಡುವ ದಿಕ್ಕಿಗೂ ವಿಮಾನದ ದಿಕ್ಕಿಗೂ ತಾಳೆ ಮಾಡದೆ ಅಂಥ ಹೆಲ್ಮೆಟ್ ಬಳಸುವಂತಿಲ್ಲ. ಎಫ್-35ರ ಹೆಲ್ಮೆಟ್‌ಗೆ ಸುಮಾರು 4 ಲಕ್ಷ ಡಾಲರ್ ಬೆಲೆ. ಇವುಗಳ ಬಳಿ ಸ್ಕ್ರೂಡ್ರೈವರ್ ಹಿಡಿದು ಹೋಗುವ ಪ್ರಶ್ನೆಯೇ ಇಲ್ಲ.

ಹಳೆಯ ಮಿಲಿಟರಿ ಹೆಲ್ಮೆಟ್ ಕೊಂಡು ಮೈಕ್ರೋಲೈಟ್, ಸೆಸ್ನಾದಂಥ ಪುಟ್ಟ ಖಾಸಗಿ ವಿಮಾನದಲ್ಲಿ ಹಾರುವ ಆಸೆ ಇರುವವರಿಗೆ ಕೊನೆಯ ಮಾತು. ಪ್ಲಗ್ ಹೊಂದುವುದಿಲ್ಲ. ಹೆಲಿಕಾಪ್ಟರ್ ಹೆಲ್ಮೆಟ್‌ಗೆ ಒಂದೇ ಯು-174 ಪ್ಲಗ್, ಸಾಮಾನ್ಯ ವಿಮಾನಕ್ಕೆ ಎರಡು: ಕಿವಿಗೆ 6.35 ಮಿ.ಮೀ.ನದು, ಮೈಕ್‌ಗೆ ಅದಕ್ಕಿಂತ ಸಪೂರವಾದದ್ದು. ಬರಿಯ ಅಡಾಪ್ಟರ್ ಹಾಕಿದರೆ ಪ್ಲಗ್ ಕೂರುತ್ತದೆ, ಮಾತು ಕೇಳುವುದಿಲ್ಲ. ಮಿಲಿಟರಿ ಮೈಕ್ 5 ಓಮ್‌ನ ಡೈನಾಮಿಕ್ ಜಾತಿ, ಅಂದರೆ ಹೊರಗಿನ ವಿದ್ಯುತ್ ಇಲ್ಲದೆ ನಡೆಯುವಂಥದ್ದು, ಅದರ ಸಂಕೇತ ತೀರಾ ಸಣ್ಣದು. ನಾಗರಿಕ ರೇಡಿಯೊ ತಾನೇ ವಿದ್ಯುತ್ ಕೊಟ್ಟು ನಡೆಸುವ, ವರ್ಧಕವಿರುವ ಮೈಕ್ ನಿರೀಕ್ಷಿಸುತ್ತದೆ. ಮೈಕ್ ಮತ್ತು ಸ್ಪೀಕರ್ ಎರಡನ್ನೂ ನಾಗರಿಕ ಬಗೆಯದಕ್ಕೆ ಬದಲಿಸಿ, ಇಲ್ಲವೇ ವರ್ಧಕವಿರುವ ಅಡಾಪ್ಟರ್ ತನ್ನಿ. ಕೊಳ್ಳುವ ಮುಂಚೆ ಲೈನರ್ ಬಿಚ್ಚಿಸಿ ಥರ್ಮಾಕೋಲ್ ಪದರವನ್ನು ಬೆರಳಿನಿಂದ ಒತ್ತಿ ನೋಡಿ, ಚಿಪ್ಪಿಗೆ ನಾಣ್ಯ ಬಡಿಯಿರಿ, ವೈಸರನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಮಾರುವವರು ಬಿಚ್ಚಲು ಒಪ್ಪದಿದ್ದರೆ ಅದನ್ನು ಶೋಕೇಸಿಗೆ ಮಾತ್ರ ಕೊಳ್ಳಿ. ನಿಮ್ಮ ಹೆಲ್ಮೆಟ್ಟೇ ಸೇವೆ ಮುಗಿಸಿದ್ದರೆ ಕೊಡುವ ಮುನ್ನ ಗಲ್ಲಪಟ್ಟಿಯನ್ನು ಕತ್ತರಿಸಿಹಾಕಿ, ಇನ್ನೊಬ್ಬರು ಅದನ್ನು ತಲೆಗಿಟ್ಟು ಹಾರದಂತೆ.